ಹೇಯ, ಘೋರ, ಕ್ರೂರ: ಅಮೆರಿಕದ ರಾಜ್ಯಗಳ ಮರಣದಂಡನೆ ಕಾಯಿದೆಗಳೂ ಕಥನಗೀತೆಯ ಕ್ರೌರ್ಯಕಲ್ಪನೆಯೂ

ಕಾನೂನು ಮತ್ತು ಕಾವ್ಯ ಒಂದೇ ಮೂಲದವು ಎಂಬ ವಿಚಾರವನ್ನು ಯಾಕೋಬ್ ಗ್ರಿಮ್ 19ನೆಯ ಶತಮಾನದ ಎರಡನೆಯ ದಶಕದಲ್ಲಿಯೇ ಮಂಡಿಸಿದ್ದನು. ಹಳೆಯ ಜರ್ಮನ್ ಕಟ್ಟಳೆಗಳಲ್ಲಿ ಬರುವ ಪ್ರಾಸಬದ್ಧ ಜೋಡಿನುಡಿಗಳು, ಪುನರುಕ್ತಿಗಳು, ಸಾಂಕೇತಿಕ ಆಚರಣೆಗಳು ಅವನ ಆಧಾರಗಳಾಗಿದ್ದವು. ನಮ್ಮಲ್ಲಿ ಜಾನಪದ ಮತ್ತು ಕಾನೂನಿನ ಸಂಬಂಧವನ್ನು ಕುರಿತು ನಡೆದಿರುವ ಅಧ್ಯಯನ ಬಹುಮಟ್ಟಿಗೆ ಕುಲಪಂಚಾಯಿತಿ, ಆಣೆ-ಪ್ರಮಾಣ, ದಿವ್ಯಪರೀಕ್ಷೆ, ಬಹಿಷ್ಕಾರ ಮುಂತಾದ ಅಲಿಖಿತ ನ್ಯಾಯಪದ್ಧತಿಗಳ ಸುತ್ತ ಸಾಗಿದೆ. ಶಾಸನಸಭೆಗಳು ಅಂಗೀಕರಿಸಿ ಅಚ್ಚು ಹಾಕಿಸಿದ ಆಧುನಿಕ ಕಾಯಿದೆಗಳನ್ನು ಜಾನಪದ ವಿದ್ವಾಂಸರು ಓದುವುದು ಅಪರೂಪ. ಅವು ನಮ್ಮ ಕ್ಷೇತ್ರಕ್ಕೆ ಸೇರಿದವಲ್ಲವೆಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಒಂದು ಕೊಲೆ ಇನ್ನೊಂದು ಕೊಲೆಗಿಂತ ಏಕೆ ಹೆಚ್ಚು ಘೋರ ಎಂಬ ಪ್ರಶ್ನೆಯನ್ನು ಎತ್ತಿಕೊಂಡರೆ ಈ ಗಡಿ ಅಷ್ಟು ಸ್ಪಷ್ಟವಾಗಿ ಉಳಿಯುವುದಿಲ್ಲ. ಕಥನಗೀತೆಗಳು ಈ ಪ್ರಶ್ನೆಗೆ ಶತಮಾನಗಳಿಂದ ಉತ್ತರ ಹೇಳುತ್ತ ಬಂದಿವೆ. ಅಮೆರಿಕ ಸಂಯುಕ್ತ ಸಂಸ್ಥಾನದ ರಾಜ್ಯಗಳು 1972ರ ಅನಂತರ ಇದೇ ಪ್ರಶ್ನೆಗೆ ಅಂಕಿ ಹಾಕಿದ ಪಟ್ಟಿಯ ರೂಪದಲ್ಲಿ, ಲಿಖಿತವಾಗಿ ಉತ್ತರಿಸಬೇಕಾಯಿತು. ಆ ಪಟ್ಟಿಗಳನ್ನು, ಮುಖ್ಯವಾಗಿ ಅವುಗಳಲ್ಲಿನ ಒಂದು ಬಾಬನ್ನು, ಜಾನಪದ ಅಧ್ಯಯನದ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಈ ಪಟ್ಟಿಗಳು ಹುಟ್ಟಿದ ಸಂದರ್ಭ. ಅಮೆರಿಕದಲ್ಲಿ ಕೊಲೆಯ ಅಪರಾಧಕ್ಕೆ ಶಿಕ್ಷೆ ವಿಧಿಸುವ ಕಾಯಿದೆ ಆಯಾ ರಾಜ್ಯದ್ದು. 1972ಕ್ಕೆ ಮೊದಲು ಹೆಚ್ಚಿನ ರಾಜ್ಯಗಳಲ್ಲಿ ಅಪರಾಧಿಗೆ ಮರಣದಂಡನೆಯೋ ಸೆರೆವಾಸವೋ ಎಂಬ ನಿರ್ಣಯವನ್ನು ಜ್ಯೂರಿ ತನ್ನ ವಿವೇಚನೆಯಂತೆ, ಯಾವ ಮಾನದಂಡವೂ ಇಲ್ಲದೆ ಕೈಗೊಳ್ಳುತ್ತಿತ್ತು. 1972ರ ಜೂನ್ 29ರಂದು ಫರ್ಮನ್ ವಿರುದ್ಧ ಜಾರ್ಜಿಯಾ ಪ್ರಕರಣದಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 5-4ರ ಬಹುಮತದಿಂದ ಈ ಪದ್ಧತಿಯನ್ನು ಅಸಾಂವಿಧಾನಿಕವೆಂದು ಸಾರಿತು. ಒಂಬತ್ತು ಮಂದಿ ನ್ಯಾಯಮೂರ್ತಿಗಳೂ ಬೇರೆ ಬೇರೆ ಅಭಿಪ್ರಾಯಗಳನ್ನು ಬರೆದರು. ಅವರಲ್ಲಿ ಪಾಟರ್ ಸ್ಟೂವರ್ಟ್ ಅವರು ಇಂಥ ಶಿಕ್ಷೆಗೆ ಗುರಿಯಾಗುವುದನ್ನು ಸಿಡಿಲು ಬಡಿಯುವುದಕ್ಕೆ ಹೋಲಿಸಿದರು. ಒಂದೇ ಬಗೆಯ ಅಪರಾಧ ಮಾಡಿದ ಅನೇಕರಲ್ಲಿ ಯಾರ ಮೇಲೆ ಸಿಡಿಲು ಬೀಳುವುದೆಂದು ಹೇಳಲು ಕಾರಣವೇ ಇರಲಿಲ್ಲ.

ರಾಜ್ಯಗಳು ತಡಮಾಡಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಫ್ಲಾರಿಡಾ ಹೊಸ ಕಾಯಿದೆ ಮಾಡಿತು. 1976ರ ಹೊತ್ತಿಗೆ 35 ರಾಜ್ಯಗಳು ಅದೇ ಹಾದಿ ಹಿಡಿದಿದ್ದವು. ಕೆಲವು ರಾಜ್ಯಗಳು ನಿರ್ದಿಷ್ಟ ಕೊಲೆಗಳಿಗೆ ಮರಣದಂಡನೆಯನ್ನು ಕಡ್ಡಾಯ ಮಾಡಿದವು. 1976ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮಾರ್ಗವನ್ನು ಮುಚ್ಚಿತು. ಅದೇ ದಿನ ಗ್ರೆಗ್ ವಿರುದ್ಧ ಜಾರ್ಜಿಯಾ ಮತ್ತು ಅದರ ಜೊತೆಯ ಪ್ರಕರಣಗಳಲ್ಲಿ ಇನ್ನೊಂದು ಮಾರ್ಗವನ್ನು ಒಪ್ಪಿಕೊಂಡಿತು. ಅದರಂತೆ ಶಾಸನಸಭೆಯು ಕೊಲೆಯನ್ನು ಹೆಚ್ಚು ಗುರುತರಗೊಳಿಸುವ ಸನ್ನಿವೇಶಗಳನ್ನು, ಅಂದರೆ ಉಲ್ಬಣಕಾರಿ ಅಂಶಗಳನ್ನು, ಮುಂಚಿತವಾಗಿ ಪಟ್ಟಿ ಮಾಡಬೇಕು. ಅವುಗಳಲ್ಲಿ ಒಂದಾದರೂ ಸಾಬೀತಾಗದೆ ಮರಣದಂಡನೆಯ ಮಾತು ಬರಕೂಡದು. ಆರೋಪಿಯ ಪರವಾದ ಶಮನಕಾರಿ ಅಂಶಗಳನ್ನೂ ಪರಿಗಣಿಸಬೇಕು. ಫ್ಲಾರಿಡಾದಲ್ಲಿ ಈ ಎರಡನ್ನೂ ತಕ್ಕಡಿಯಲ್ಲಿ ತೂಗಲಾಗುತ್ತದೆ. ಜಾರ್ಜಿಯಾದಲ್ಲಿ ಒಂದು ಉಲ್ಬಣಕಾರಿ ಅಂಶ ಸಿದ್ಧವಾದರೆ ಬಾಗಿಲು ತೆರೆಯುತ್ತದೆ, ಆಮೇಲಿನದು ಜ್ಯೂರಿಯ ವಿವೇಚನೆ. ಟೆಕ್ಸಾಸ್‌ನ ಪದ್ಧತಿ ಬೇರೆ. ಅಲ್ಲಿ ಅಪರಾಧದ ವ್ಯಾಖ್ಯೆಯೊಳಗೇ ಪಟ್ಟಿ ಅಡಗಿದೆ. ಶಮನಕಾರಿ ಅಂಶಗಳಿಗೆ ಮಿತಿ ಹಾಕುವಂತಿಲ್ಲವೆಂದು 1978ರಲ್ಲಿ ತೀರ್ಮಾನವಾಯಿತು. ಹೀಗಾಗಿ ಕರುಣೆಗೆ ಪಟ್ಟಿಯ ಅಗತ್ಯವಿಲ್ಲ, ಕಾಠಿಣ್ಯಕ್ಕೆ ಪಟ್ಟಿ ಬೇಕು ಎಂಬ ವ್ಯವಸ್ಥೆ ರೂಪುಗೊಂಡಿತು.

ಪಟ್ಟಿಯ ಮಾದರಿ ಸಿದ್ಧವಾಗಿಯೇ ಇತ್ತು. ಅಮೆರಿಕನ್ ಲಾ ಇನ್‌ಸ್ಟಿಟ್ಯೂಟ್ 1962ರ ತನ್ನ ಮಾದರಿ ದಂಡಸಂಹಿತೆಯಲ್ಲಿ ಎಂಟು ಉಲ್ಬಣಕಾರಿ ಅಂಶಗಳನ್ನು ಸೂಚಿಸಿತ್ತು. ಕೊಲೆಗಾರ ಆಗಲೇ ಸೆರೆವಾಸದ ಶಿಕ್ಷೆಗೆ ಒಳಗಾಗಿದ್ದವನು, ಹಿಂದೆ ಕೊಲೆಯ ಅಥವಾ ಹಿಂಸೆಯ ಅಪರಾಧ ಮಾಡಿದವನು, ಅದೇ ವೇಳೆ ಇನ್ನೊಬ್ಬರನ್ನೂ ಕೊಂದವನು, ಅನೇಕರ ಜೀವಕ್ಕೆ ಅಪಾಯ ತಂದವನು, ದರೋಡೆ, ಅತ್ಯಾಚಾರ, ಬೆಂಕಿ ಹಚ್ಚುವಿಕೆ ಮುಂತಾದವುಗಳ ನಡುವೆ ಕೊಂದವನು, ಬಂಧನ ತಪ್ಪಿಸಿಕೊಳ್ಳಲು ಕೊಂದವನು, ಹಣಕ್ಕಾಗಿ ಕೊಂದವನು. ಈ ಏಳೂ ಸಾಕ್ಷ್ಯದಿಂದ ಹೌದು ಅಥವಾ ಅಲ್ಲ ಎಂದು ಹೇಳಬಹುದಾದ ಸಂಗತಿಗಳು. ಎಂಟನೆಯದು ಬೇರೆ ಜಾತಿಯದು. ಕೊಲೆ ವಿಶೇಷವಾಗಿ ಹೇಯವೂ ಘೋರವೂ ಅಥವಾ ಕ್ರೂರವೂ ಆಗಿದ್ದು ಅಸಾಧಾರಣ ಅಧಃಪತನವನ್ನು ತೋರುವಂತಿರಬೇಕು ಎಂಬುದು ಅದರ ತಾತ್ಪರ್ಯ.

ಜಾನಪದ ಕಥನದ ನಿಯಮಗಳನ್ನು 1909ರಲ್ಲಿ ಪ್ರಕಟಿಸಿದ ಡೆನ್ಮಾರ್ಕಿನ ಆಕ್ಸೆಲ್ ಓಲ್ರಿಕ್ ಅವರು ಇದನ್ನು ಓದಿದ್ದರೆ ಎರಡು ಸಂಗತಿಗಳನ್ನು ತಕ್ಷಣ ಗುರುತಿಸುತ್ತಿದ್ದರು. ಒಂದು, ಮೂರರ ನಿಯಮ: ಇಲ್ಲಿ ವಿಶೇಷಣಗಳು ಮೂರು. ಇನ್ನೊಂದು, ಕೊನೆಯ ಸ್ಥಾನಕ್ಕೆ ಭಾರ ಬೀಳುವ ನಿಯಮ. ಪಟ್ಟಿಯಲ್ಲಿ ಎಲ್ಲಕ್ಕೂ ಹಿಂದೆ ಕುಳಿತ ಬಾಬು ಎಲ್ಲಕ್ಕಿಂತ ಹೆಚ್ಚು ಭಾರ ಹೊತ್ತಿದೆ. ಮೂರು ಪದಗಳಲ್ಲಿ ಅರ್ಥದ ವ್ಯತ್ಯಾಸ ಎಷ್ಟೆಂದು ಕೇಳಿದರೆ ಹೇಳುವುದು ಕಷ್ಟ. ಮೌಖಿಕ ಪರಂಪರೆಯ ಸೂತ್ರನುಡಿಗಳಂತೆ ಅವು ಅರ್ಥವನ್ನು ಸೀಳುವುದಕ್ಕಿಂತ ಭಾವವನ್ನು ಏರಿಸುತ್ತವೆ. ಫ್ಲಾರಿಡಾ, ಒಕ್ಲಹೋಮ, ಉತ್ತರ ಕ್ಯಾರೊಲಿನ, ಅಲಬಾಮ ರಾಜ್ಯಗಳು ಈ ಸೂತ್ರವನ್ನು ಹೆಚ್ಚುಕಡಿಮೆ ಹಾಗೆಯೇ ಸ್ವೀಕರಿಸಿದವು; ಅರಿಜೋನಾದಲ್ಲಿ ಒಂದು ಪದ ಬದಲಾಯಿತು; ಜಾರ್ಜಿಯಾ ನೀಚತನ, ಭಯಾನಕತೆ, ಅಮಾನುಷತೆ ಎಂಬ ತನ್ನದೇ ತ್ರಿವಳಿಯನ್ನು ಕಟ್ಟಿಕೊಂಡಿತು. ಇವುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಪಾಠಾಂತರಗಳನ್ನು ಹೋಲಿಸಿದ ಅನುಭವವೇ ಆಗುತ್ತದೆ.

ಈ ಬಾಬಿನ ದಾರಿಯನ್ನು ತಿಳಿಯಲು 1980ರಲ್ಲಿ ತೀರ್ಮಾನವಾದ ಗಾಡ್‌ಫ್ರಿ ವಿರುದ್ಧ ಜಾರ್ಜಿಯಾ ಪ್ರಕರಣವನ್ನು ತುಸು ವಿವರವಾಗಿ ನೋಡಬೇಕು. 1977ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾದಲ್ಲಿ ಗಂಡ ಹೆಂಡತಿಯ ಜಗಳವಾಗಿ ಹೆಂಡತಿ ತವರಿಗೆ ಹೊರಟುಹೋದಳು. ಮತ್ತೆ ಕೂಡಿ ಬಾಳಲು ಒಪ್ಪಲಿಲ್ಲ. ಗಂಡ ಬಂದೂಕು ಹಿಡಿದು ಅತ್ತೆಯ ಮನೆಗೆ ಹೋದನು. ಹೆಂಡತಿ, ಅವಳ ತಾಯಿ ಮತ್ತು ಮಗಳು ಇಸ್ಪೀಟು ಆಡುತ್ತ ಕುಳಿತಿದ್ದರು. ಕಿಟಕಿಯ ಮೂಲಕ ಹೆಂಡತಿಗೆ ಗುಂಡು ಹಾರಿಸಿದನು. ಒಳಗೆ ನುಗ್ಗಿ, ಓಡುತ್ತಿದ್ದ ಮಗಳ ತಲೆಗೆ ಬಂದೂಕಿನಿಂದ ಹೊಡೆದನು. ಅತ್ತೆಯನ್ನೂ ಗುಂಡಿಟ್ಟು ಕೊಂದನು. ಇಬ್ಬರೂ ಆ ಕ್ಷಣದಲ್ಲೇ ಸತ್ತರು. ಆಮೇಲೆ ತಾನೇ ಅಧಿಕಾರಿಗಳಿಗೆ ಫೋನ್ ಮಾಡಿ, ಅವರು ಬರುವವರೆಗೆ ಕಾದನು.

ಇಲ್ಲಿ ಹಣದ ಆಸೆಯಿಲ್ಲ, ದರೋಡೆಯಿಲ್ಲ, ಸತ್ತವರು ಪೊಲೀಸರಲ್ಲ. ಸರ್ಕಾರಿ ವಕೀಲರು ನೆಚ್ಚಿಕೊಂಡದ್ದು ವಿಶೇಷಣಗಳ ಬಾಬನ್ನೇ. ಜ್ಯೂರಿ ಅದನ್ನು ಒಪ್ಪಿ ಮರಣದಂಡನೆ ವಿಧಿಸಿತು. ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಸಾಮಾನ್ಯ ಸಂವೇದನೆಯ ಯಾವ ಮನುಷ್ಯನಾದರೂ ಬಹುತೇಕ ಪ್ರತಿಯೊಂದು ಕೊಲೆಯನ್ನೂ ಅತ್ಯಂತ ನೀಚ, ಅಮಾನುಷ ಎಂದು ಕರೆಯಬಲ್ಲನು. ಎಲ್ಲಕ್ಕೂ ಅನ್ವಯವಾಗುವ ಮಾತು ಆಯ್ಕೆಗೆ ನೆರವಾಗುವುದಿಲ್ಲ ಎಂಬುದು ಅದರ ವಾದದ ಸಾರ. ಸತ್ತವರು ಚಿತ್ರಹಿಂಸೆ ಅನುಭವಿಸಿರಲಿಲ್ಲವೆಂಬುದನ್ನೂ ನ್ಯಾಯಾಲಯ ಎತ್ತಿ ಹೇಳಿತು. 1988ರಲ್ಲಿ ಮೇನಾರ್ಡ್ ವಿರುದ್ಧ ಕಾರ್ಟ್‌ರೈಟ್ ಪ್ರಕರಣದಲ್ಲಿ ಒಕ್ಲಹೋಮದ ಹೇಯ-ಘೋರ-ಕ್ರೂರ ಸೂತ್ರಕ್ಕೂ ಇದೇ ಗತಿಯಾಯಿತು.

ಆದರೆ ಸೂತ್ರ ಸಾಯಲಿಲ್ಲ. ರಾಜ್ಯದ ಉಚ್ಚ ನ್ಯಾಯಾಲಯಗಳು ವಿಶೇಷಣಗಳಿಗೆ ಭಾಷ್ಯ ಬರೆದು ಅವನ್ನು ಬಿಗಿಗೊಳಿಸಿದರೆ ಸಾಕೆಂಬ ದಾರಿ ಉಳಿದಿತ್ತು. ಫ್ಲಾರಿಡಾ 1973ರಷ್ಟು ಹಿಂದೆಯೇ ಅನಗತ್ಯ ಯಾತನೆ ಕೊಟ್ಟ ನಿರ್ದಯ ಕೊಲೆಗಷ್ಟೇ ಇದು ಅನ್ವಯಿಸುವುದೆಂದು ಹೇಳಿತ್ತು. ಬಲಿಯಾದವರಿಗೆ ಎಷ್ಟು ಹೊತ್ತು ಅರಿವಿತ್ತು, ಸಾವು ಬರುತ್ತಿದೆಯೆಂದು ಗೊತ್ತಿತ್ತೇ ಎಂಬುದು ಅಲ್ಲಿ ಮುಖ್ಯವಾಯಿತು; ತಕ್ಷಣ ಸಾವು ತರುವ ಗುಂಡೇಟು ಸಾಮಾನ್ಯವಾಗಿ ಈ ಬಾಬಿನ ಹೊರಗೆ ಉಳಿಯಿತು. ಅರಿಜೋನಾದ ನ್ಯಾಯಾಲಯ 1983ರ ಗ್ರೆಟ್ಸ್‌ಲರ್ ಪ್ರಕರಣದಲ್ಲಿ ಹೇಯತೆಯ ಲಕ್ಷಣಗಳನ್ನು ಐದಾಗಿ ಗುರುತಿಸಿತು: ಕೊಂದವನು ಕೊಲೆಯನ್ನು ಸವಿದದ್ದು, ಬೇಕಾದುದಕ್ಕಿಂತ ಹೆಚ್ಚು ಹಿಂಸೆ ಮಾಡಿದ್ದು, ದೇಹವನ್ನು ವಿರೂಪಗೊಳಿಸಿದ್ದು, ಕೊಲೆ ಅರ್ಥಹೀನವಾಗಿದ್ದುದು, ಬಲಿಯಾದವರು ಅಸಹಾಯಕರಾಗಿದ್ದುದು. ಐಡಹೊ ರಾಜ್ಯದ ತಣ್ಣನೆಯ ನಿರ್ದಯ ಕೊಲೆಗಾರ ಎಂಬ ಭಾಷ್ಯವನ್ನು 1993ರಲ್ಲಿ ಸರ್ವೋಚ್ಚ ನ್ಯಾಯಾಲಯ ಸಾಕಷ್ಟು ಸ್ಪಷ್ಟವೆಂದು ಒಪ್ಪಿತು. ಒಂದು ವಿಶೇಷಣವನ್ನು ಇನ್ನೊಂದು ವಿಶೇಷಣದಿಂದ ವಿವರಿಸಿದರೆ ಸ್ಪಷ್ಟತೆ ಹೇಗೆ ಬರುತ್ತದೆಂಬುದು ನನಗಂತೂ ತಿಳಿಯದು. ನಿಘಂಟು ರಚನೆಯಲ್ಲಿ ತೊಡಗಿದವರು ಇಂಥ ವಿವರಣೆಯನ್ನು ಒಪ್ಪುವುದಿಲ್ಲ.

ಭಾಷ್ಯ ತೀರ್ಪಿನ ಸಂಪುಟಗಳಲ್ಲಿರುತ್ತದೆ. ಜ್ಯೂರಿ ಕೇಳುವುದು ನ್ಯಾಯಾಧೀಶರು ಓದಿ ಹೇಳುವ ಮಾತನ್ನು. ಫ್ಲಾರಿಡಾದ ಜ್ಯೂರಿಗಳಿಗೆ ಬಿಗಿಗೊಳಿಸಿದ ಅರ್ಥವನ್ನು ಹೇಳದೆ ಬರಿಯ ವಿಶೇಷಣಗಳನ್ನಷ್ಟೇ ಓದಿ ಹೇಳಲಾಗುತ್ತಿತ್ತೆಂಬುದು 1992ರ ಎಸ್ಪಿನೋಸಾ ಪ್ರಕರಣದಲ್ಲಿ ಬಯಲಾಗಿ, ಅದು ತಪ್ಪೆಂದು ತೀರ್ಮಾನವಾಯಿತು. ಲಿಖಿತ ಪಾಠ ಒಂದು, ಕಿವಿಗೆ ಬಿದ್ದ ಪಾಠ ಇನ್ನೊಂದು. ಕ್ಷೇತ್ರಕಾರ್ಯದಲ್ಲಿ ತೊಡಗಿದವರಿಗೆ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಮಾತ್ರ ಆ ಅಂತರದ ನಡುವೆ ಮನುಷ್ಯರ ಜೀವವಿತ್ತು.

ಈಗ ಕಥನಗೀತೆಗಳ ಕಡೆಗೆ. ಅಮೆರಿಕದ ದಕ್ಷಿಣದ ಬೆಟ್ಟಸೀಮೆಗಳಲ್ಲಿ ಕೊಲೆಯ ಕಥನಗೀತೆಗಳದ್ದೊಂದು ಸಮೃದ್ಧ ಪರಂಪರೆಯಿದೆ. ಜಿ. ಮಾಲ್ಕಂ ಲಾಸ್ ಅವರು 1950ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಕೊಲೆಯ ಹಾಡುಗಳಿಗೇ ಒಂದು ಪ್ರತ್ಯೇಕ ವಿಭಾಗವಿದೆ. ಇಂಗ್ಲೆಂಡಿನ ಬಿಡಿಹಾಳೆಯ ಹಾಡೊಂದರಿಂದ ಇಳಿದು ಬಂದ ‘ಪ್ರೆಟಿ ಪಾಲಿ’, ಉತ್ತರ ಕ್ಯಾರೊಲಿನದ ಡೀಪ್ ನದಿಯಲ್ಲಿ 19ನೆಯ ಶತಮಾನದ ಮೊದಲ ದಶಕದಲ್ಲಿ ನಡೆದ ಘಟನೆಯಿಂದ ಹುಟ್ಟಿದ ‘ಓಮಿ ವೈಸ್’, 1866ರ ಕೊಲೆ ಮತ್ತು 1868ರ ಗಲ್ಲನ್ನು ನೆನೆಯುವ ‘ಟಾಮ್ ಡೂಲಿ’ ಪ್ರಸಿದ್ಧವಾದವು. ಕೊನೆಯದು 1958ರಲ್ಲಿ ಧ್ವನಿಮುದ್ರಿಕೆಯಾಗಿ ಜಗತ್ತಿನಾದ್ಯಂತ ಹರಡಿತು.

ಈ ಹಾಡುಗಳಲ್ಲಿ ಕೊಲೆಗೆ ಭಾರ ಎಲ್ಲಿಂದ ಬರುತ್ತದೆ? ಗಾಯದ ವರ್ಣನೆ ಕೆಲವು ಪಾಠಗಳಲ್ಲಿ ವಿವರವಾಗಿಯೇ ಇದೆ. ‘ನಾಕ್ಸ್‌ವಿಲ್ ಗರ್ಲ್’ ಅಂಥದು. ಆದರೆ ಹೆಚ್ಚಿನವುಗಳಲ್ಲಿ ಒತ್ತು ಬೀಳುವುದು ಅವನು ಮದುವೆಯ ಮಾತು ಕೊಟ್ಟಿದ್ದನು, ಅವಳು ನಂಬಿ ಅವನ ಜೊತೆ ಹೊರಟಳು ಎಂಬುದರ ಮೇಲೆ. ಪಾಲಿ ತಲುಪುವ ವೇಳೆಗೆ ಗುಂಡಿ ತೋಡಿಟ್ಟಿರುತ್ತದೆ. ಕಾನೂನು ಇದನ್ನು ಪೂರ್ವಯೋಜನೆ ಎಂದು ಕರೆಯುತ್ತದೆ. ಹಾಡು ಇದನ್ನು ನಂಬಿಕೆದ್ರೋಹವೆಂದು ಕೇಳಿಸುತ್ತದೆ. ಈ ಹಾಡುಗಳನ್ನು ಆದರ್ಶೀಕರಿಸುವ ಅಗತ್ಯವಿಲ್ಲ. ಅವುಗಳಲ್ಲಿ ಸಾಯುವ ಹೆಣ್ಣಿಗೆ ಬೇಡಿಕೊಳ್ಳುವುದರ ಹೊರತು ಬೇರೆ ಮಾತು ಸಿಗುವುದು ವಿರಳ.

ನಮ್ಮ ಶಿಸ್ತಿನ ಪರಾಮರ್ಶನ ಗ್ರಂಥವೂ ಇದೇ ಕಡೆಗೆ ಬೆರಳು ಮಾಡುತ್ತದೆ. ಸ್ಟಿತ್ ಥಾಮ್ಸನ್ ಅವರ ಆಶಯ ಸೂಚಿಯಲ್ಲಿ ಎಸ್ ಅಕ್ಷರದ ವಿಭಾಗ ಅಸಹಜ ಕ್ರೌರ್ಯಕ್ಕೆ ಮೀಸಲು. ಅದರ ಮೊದಲ ನೂರು ಸಂಖ್ಯೆಗಳು ಕ್ರೂರ ಬಂಧುಗಳಿಗೆ ಸೇರಿವೆ. ಜುಗುಪ್ಸೆ ಹುಟ್ಟಿಸುವ ಕೊಲೆ ಮತ್ತು ಅಂಗಛೇದಗಳಿಗೆ ಸ್ಥಾನ ಸಿಗುವುದು ನೂರರ ಮೇಲೆ. ಕ್ರೂರ ಬಲಿಗಳಿಗೆ ಇನ್ನೂರರ ಮೇಲೆ. ನಮ್ಮ ‘ಕೆರೆಗೆ ಹಾರ’ವನ್ನು ಹೋಲಿಸಿ ನೋಡುವವರು ಹೋಗುವುದು ಎಸ್ 261ಕ್ಕೆ, ಕಟ್ಟಡ ನಿಲ್ಲಲೆಂದು ಕೊಡುವ ಬಲಿಯ ಆಶಯಕ್ಕೆ. ಆದರೆ ಭಾಗೀರಥಿಯ ಸಾವು ಕೇಳುಗರನ್ನು ಕಲಕುವುದು ಅದು ಬಲಿ ಎಂಬುದಕ್ಕಿಂತ ಹೆಚ್ಚಾಗಿ ಅವಳನ್ನು ಕೊಟ್ಟವರು ಅವಳ ಮನೆಯವರೇ ಎಂಬುದರಿಂದ. ಶಿಕ್ಷೆಗಳ ವಿಭಾಗವಾದ ಕ್ಯೂನಲ್ಲಿಯೂ ಕೊಲೆಗೆ ಶಿಕ್ಷೆ ಎಂಬ ಆಶಯದ ಉಪವಿಭಾಗಗಳು ಆರಂಭವಾಗುವುದು ಪಿತೃಹತ್ಯೆ, ಮಾತೃಹತ್ಯೆಗಳಿಂದ. ಸೂಚಿಯ ಕ್ರಮ ಥಾಮ್ಸನ್ನರದೇ ಆಯ್ಕೆ ಎಂಬುದು ನಿಜ. ಆದರೂ ಜಗತ್ತಿನ ಕಥೆಗಳ ರಾಶಿ ಎದುರಿಗಿದ್ದಾಗ ಕ್ರೌರ್ಯವೆಂದರೆ ಮೊದಲು ಸಂಬಂಧದೊಳಗಿನ ಕ್ರೌರ್ಯವೆಂದು ಅವರಿಗೆ ಕಂಡದ್ದು ಗಮನಾರ್ಹ.

ಇದರ ಎದುರಿಗೆ ರಾಜ್ಯಗಳ ಪಟ್ಟಿಗಳನ್ನಿಟ್ಟರೆ ಸಂಬಂಧ ಬಹುಮಟ್ಟಿಗೆ ಕಾಣೆಯಾಗಿದೆ. ಪೊಲೀಸ್, ನ್ಯಾಯಾಧೀಶ, ಸೆರೆಮನೆಯ ಕಾವಲುಗಾರ, ಸಾಕ್ಷಿ ಇವರ ಕೊಲೆ, ದರೋಡೆಯ ಕೊಲೆ, ಬಾಡಿಗೆ ಕೊಲೆ, ಮಕ್ಕಳ ಮತ್ತು ವೃದ್ಧರ ಕೊಲೆ, ಇವೆಲ್ಲ ಸೇರಿವೆ. ಅಪವಾದಗಳಿಲ್ಲವೆಂದಲ್ಲ. ಕುಟುಂಬದ ಅಥವಾ ಪೋಷಕತ್ವದ ಅಧಿಕಾರ ಹೊಂದಿದವನು ಕೊಂದದ್ದನ್ನು ಫ್ಲಾರಿಡಾ ಮುಂದೆ ಸೇರಿಸಿಕೊಂಡಿತು. ದೂರವಿರಬೇಕೆಂಬ ನ್ಯಾಯಾಲಯದ ಆದೇಶ ಮುರಿದು ಕೊಂದದ್ದನ್ನು ಪೆನ್ಸಿಲ್ವೇನಿಯಾ ಸೇರಿಸಿತು. ಸ್ಥೂಲವಾಗಿ ಮಾತ್ರ, ಅಪರಿಚಿತನನ್ನು ಹಣಕ್ಕಾಗಿ ಕೊಂದವನು ಪಟ್ಟಿಯೊಳಗೆ ಬಂದಷ್ಟು ಸುಲಭವಾಗಿ ಹೆಂಡತಿಯನ್ನು ಕೊಂದವನು ಬರುವುದಿಲ್ಲ. ಎಲಿಜಬೆತ್ ರ‍್ಯಾಪಪೋರ್ಟ್ ಎಂಬ ಕಾನೂನು ವಿದುಷಿ 1990ರ ದಶಕದ ತಮ್ಮ ಲೇಖನಗಳಲ್ಲಿ ಇದನ್ನು ಮನೆಯೊಳಗಿನ ಹಿಂಸೆಗೆ ಕೊಟ್ಟ ರಿಯಾಯಿತಿ ಎಂಬಂತೆ ವಿಶ್ಲೇಷಿಸಿದ್ದಾರೆ. ಗಾಡ್‌ಫ್ರಿ ಪ್ರಕರಣ ಈಗ ಇನ್ನೊಂದು ಬೆಳಕಿನಲ್ಲಿ ಕಾಣುತ್ತದೆ. ನೆರೆಹೊರೆಯವರಾದ ಜ್ಯೂರಿ ಅಲ್ಲಿ ಕಂಡ ಘೋರತೆಯಲ್ಲಿ ಸಂಬಂಧದ ಪಾಲು ದೊಡ್ಡದಾಗಿದ್ದಿರಬೇಕೆಂದು ನನ್ನ ಊಹೆ. ಅದನ್ನು ಹೇಳಲು ಪಟ್ಟಿಯಲ್ಲಿ ಅವರಿಗೆ ದೊರೆತ ಪದಗಳು ವಿಶೇಷಣಗಳು ಮಾತ್ರ. ನ್ಯಾಯಾಲಯ ಆ ವಿಶೇಷಣಗಳನ್ನು ದೇಹದ ನೋವಿನ ಅಳತೆಗೆ ಕತ್ತರಿಸಿತು. ಕತ್ತರಿಸದೆ ವಿಧಿಯೂ ಇರಲಿಲ್ಲ. ಅಳತೆಯಿಲ್ಲದ ಪದವೊಂದು ಒಬ್ಬನನ್ನು ಕೊಲ್ಲಬಹುದು, ಇನ್ನೊಬ್ಬನನ್ನು ಉಳಿಸಬಹುದು.

ಅಳತೆಯಿಲ್ಲದೆಡೆ ಏನು ನುಸುಳುತ್ತದೆಂಬುದಕ್ಕೆ ಜಾರ್ಜಿಯಾದ ಎರಡು ಸಾವಿರಕ್ಕೂ ಹೆಚ್ಚು ಕೊಲೆ ಪ್ರಕರಣಗಳನ್ನು ಆಧರಿಸಿದ ಡೇವಿಡ್ ಬಾಲ್ಡಸ್ ಮತ್ತು ಸಂಗಡಿಗರ ಅಧ್ಯಯನ ಸಾಕ್ಷಿ. ಸತ್ತವರು ಬಿಳಿಯರಾಗಿದ್ದರೆ ಮರಣದಂಡನೆಯ ಸಂಭವ 4.3 ಪಟ್ಟು ಹೆಚ್ಚೆಂದು ಅದು ತೋರಿಸಿತು. ತೀರ ಘೋರವೂ ಅಲ್ಲದ, ತೀರ ಲಘುವೂ ಅಲ್ಲದ ನಡುವಣ ಪ್ರಕರಣಗಳಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು. 1987ರ ಮೆಕ್‌ಕ್ಲೆಸ್ಕಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 5-4ರಿಂದ ಆ ವಾದವನ್ನು ತಳ್ಳಿಹಾಕಿತು.

ಅಮೆರಿಕದ ಈ ಅನುಭವ ಭಾರತದ ನ್ಯಾಯಾಲಯಕ್ಕೆ ಅಪರಿಚಿತವಾಗಿರಲಿಲ್ಲ. 1980ರ ಬಚನ್ ಸಿಂಗ್ ಪ್ರಕರಣದಲ್ಲಿ ವಕೀಲ ಚಿತಳೆಯವರು ಉಲ್ಬಣಕಾರಿ ಅಂಶಗಳ ಪಟ್ಟಿಯೊಂದನ್ನು ಸೂಚಿಸಿದ್ದರು. ಫರ್ಮನ್, ಗ್ರೆಗ್ ತೀರ್ಪುಗಳನ್ನು ಚರ್ಚಿಸಿದ ನ್ಯಾಯಪೀಠ ಆ ಅಂಶಗಳು ಪ್ರಸ್ತುತವೆಂದರೂ ಪಟ್ಟಿಯಿಂದ ನ್ಯಾಯಾಧೀಶರ ವಿವೇಚನೆಯನ್ನು ಕಟ್ಟಿಹಾಕಲು ಒಪ್ಪದೆ, ಅಪರೂಪದಲ್ಲಿ ಅಪರೂಪದ ಪ್ರಕರಣ ಎಂಬ ತತ್ತ್ವವನ್ನು ನೀಡಿತು. ಮೂರು ವರ್ಷಗಳ ಬಳಿಕ ಮಚ್ಛಿ ಸಿಂಗ್ ತೀರ್ಪಿನಲ್ಲಿ ಐದು ಶೀರ್ಷಿಕೆಗಳು ಬಂದೇ ಬಂದವು: ಕೊಲೆಯ ರೀತಿ, ಉದ್ದೇಶ, ಸಮಾಜವಿರೋಧಿ ಸ್ವರೂಪ, ಪ್ರಮಾಣ, ಬಲಿಯಾದವರ ವ್ಯಕ್ತಿತ್ವ. ಈ ಲೇಖನದ ದೃಷ್ಟಿಯಿಂದ ಮುಖ್ಯವಾದುದೆಂದರೆ, ಕೊಂದವನು ಬಲಿಯಾದವರ ವಿಶ್ವಾಸದ ಸ್ಥಾನದಲ್ಲಿದ್ದುದು ಇಲ್ಲಿ ಸ್ಪಷ್ಟವಾಗಿ ಸೇರಿದೆ. ಕಥನಗೀತೆಯ ಕೇಳುಗರು ಮೊದಲು ಎತ್ತಿ ಹೇಳುವ ಅಂಶ ನ್ಯಾಯಾಧೀಶರ ಪಟ್ಟಿಯೊಳಗೆ ಬಂದಿತು. ಸಮುದಾಯದ ಸಾಮೂಹಿಕ ಅಂತಃಸಾಕ್ಷಿ ಎಂಬ ಮಾತೂ ಅದೇ ತೀರ್ಪಿನಿಂದ ಪ್ರಚಾರಕ್ಕೆ ಬಂದಿತು. ಆ ಅಂತಃಸಾಕ್ಷಿಯನ್ನು ಯಾರು, ಎಲ್ಲಿಂದ ಸಂಗ್ರಹಿಸಿದರು ಎಂದು ಕೇಳುವ ಹಕ್ಕು ಜಾನಪದ ಸಂಗ್ರಾಹಕರಿಗೆ ಬೇರೆಯವರಿಗಿಂತ ಹೆಚ್ಚಾಗಿಯೇ ಇದೆ.

ಈ ಪಟ್ಟಿಯ ಪರೀಕ್ಷೆ ಕರ್ನಾಟಕದ ಪ್ರಕರಣವೊಂದರಲ್ಲಿ ನಡೆಯಿತು. ಆಸ್ತಿಗಾಗಿ ಹೆಂಡತಿಗೆ ಮತ್ತು ಬರುವ ಔಷಧ ಕೊಟ್ಟು, ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿನ ಮನೆಯ ಆವರಣದಲ್ಲೇ ಹೂತ 1991ರ ಕೊಲೆ 1994ರಲ್ಲಿ ಬೆಳಕಿಗೆ ಬಂದಿತ್ತು. ವಿಶ್ವಾಸಘಾತಕ್ಕೆ ಇದಕ್ಕಿಂತ ತುಂಬಿದ ಉದಾಹರಣೆ ಸಿಗುವುದು ಕಷ್ಟ. ಉಚ್ಚ ನ್ಯಾಯಾಲಯ ಮರಣದಂಡನೆಯನ್ನು ಕಾಯಂಗೊಳಿಸಿತು. ಸ್ವಾಮಿ ಶ್ರದ್ಧಾನಂದ ವಿರುದ್ಧ ಕರ್ನಾಟಕ ರಾಜ್ಯ ಎಂಬ 2008ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಬದಲಿಸಿ ಬದುಕಿನ ಕೊನೆಯವರೆಗಿನ ಸೆರೆವಾಸ ವಿಧಿಸಿತು. ಮರಣದಂಡನೆ ವಿಧಿಸುವುದರಲ್ಲಿ ಏಕರೂಪತೆ ಇಲ್ಲದಿರುವುದು ಮುಖ್ಯ ಕಾರಣವಾಗಿತ್ತು. ಕೊಲೆಯ ರೀತಿ ಭೀಕರವಾಗಿ ಕಂಡರೂ ಬಲಿಯಾದವರಿಗೆ ನೋವಿನ ಅನುಭವವಾಗಲಿಲ್ಲವೆಂಬುದನ್ನೂ ನ್ಯಾಯಾಲಯ ಗಮನಿಸಿತು. ಫ್ಲಾರಿಡಾದ ಅಳತೆ ಬೇರೆ ದಾರಿಯಿಂದ ಇಲ್ಲಿಗೂ ಬಂದಿತ್ತೆನ್ನಬಹುದು.

ಹಾಗಾದರೆ ಸಂಬಂಧವನ್ನೂ ರಾಜ್ಯಗಳ ಪಟ್ಟಿಗೆ ಸೇರಿಸಬೇಕೆ? ನನ್ನ ಉತ್ತರ ಇಲ್ಲವೆಂದೇ. ಪಟ್ಟಿಗಳು ಆಗಲೇ ಮಿತಿಮೀರಿ ಬೆಳೆದಿವೆ. ಎಂಟು ಅಂಶಗಳಿಂದ ಆರಂಭವಾದ ಫ್ಲಾರಿಡಾದ ಪಟ್ಟಿ ಕನಿಷ್ಠ ಎರಡು ಪಟ್ಟಾಗಿದೆ. ಪ್ರತಿಯೊಂದು ಸುದ್ದಿಯಾದ ಕೊಲೆಯ ಹಿಂದೆಯೂ ಶಾಸಕರು ಒಂದು ಹೊಸ ಬಾಬು ಸೇರಿಸಲು ಹೊರಡುವುದು ಹಾಡುಗಾರರು ಹೊಸ ನುಡಿ ಕಟ್ಟುವುದನ್ನು ನೆನಪಿಸುತ್ತದೆ. ಹಾಡು ಬೆಳೆದರೆ ಯಾರಿಗೂ ಕೇಡಿಲ್ಲ. ಅರಿಜೋನಾದ ಮರಿಕೋಪ ಜಿಲ್ಲೆಯಲ್ಲಿ ಹನ್ನೊಂದು ವರ್ಷಗಳ ಪ್ರಥಮ ದರ್ಜೆಯ ಕೊಲೆ ಪ್ರಕರಣಗಳ ಪೈಕಿ ಸುಮಾರು 98 ಪ್ರತಿಶತ ಒಂದಲ್ಲ ಒಂದು ಉಲ್ಬಣಕಾರಿ ಅಂಶದ ವ್ಯಾಪ್ತಿಗೆ ಬರುತ್ತಿದ್ದವೆಂಬ ಲೆಕ್ಕ ಹಿಡಾಲ್ಗೊ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. 2018ರಲ್ಲಿ ನ್ಯಾಯಾಲಯ ಆ ಮೇಲ್ಮನವಿಯನ್ನು ವಿಚಾರಣೆಗೆ ಎತ್ತಿಕೊಳ್ಳಲಿಲ್ಲ. ಸಮಸ್ಯೆ ಗಂಭೀರವೆಂದು ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ ಪ್ರತ್ಯೇಕವಾಗಿ ಬರೆದರು. ಮಾದರಿಯನ್ನು ಕೊಟ್ಟ ಲಾ ಇನ್‌ಸ್ಟಿಟ್ಯೂಟ್ 2009ರಲ್ಲಿಯೇ ತನ್ನ ಆ ವಿಧಿಯನ್ನು ಹಿಂತೆಗೆದುಕೊಂಡಿತ್ತು.

ಉಳಿದದ್ದು ಯಾರು ಕೇಳಿ ನಿರ್ಣಯಿಸಬೇಕೆಂಬ ವಿಷಯ. ಉಲ್ಬಣಕಾರಿ ಅಂಶ ಸಾಬೀತಾಯಿತೇ ಎಂಬುದನ್ನು ನ್ಯಾಯಾಧೀಶರ ಬದಲು ಜ್ಯೂರಿಯೇ ಹೇಳಬೇಕೆಂದು 2002ರ ರಿಂಗ್ ತೀರ್ಪು ವಿಧಿಸಿತು. ಫ್ಲಾರಿಡಾಕ್ಕೆ 2016ರ ಹರ್ಸ್ಟ್ ತೀರ್ಪು ಅದನ್ನೇ ಮತ್ತೆ ಹೇಳಿತು. 2023ರಿಂದ ಫ್ಲಾರಿಡಾದಲ್ಲಿ ಆ ಅಂಶವನ್ನು ಹನ್ನೆರಡು ಮಂದಿಯೂ ಒಪ್ಪಬೇಕು, ಆದರೆ ಮರಣದಂಡನೆಯ ಶಿಫಾರಸಿಗೆ ಎಂಟು ಮಂದಿ ಸಾಕು. 2021ರಲ್ಲಿ ವರ್ಜೀನಿಯಾ ಮರಣದಂಡನೆಯನ್ನು ರದ್ದುಪಡಿಸಿದ ಬಳಿಕ ಅದು ಉಳಿದ ರಾಜ್ಯಗಳು 27. ಓರೆಗಾನ್ 2019ರಲ್ಲಿ ಅದರ ವ್ಯಾಪ್ತಿಯನ್ನು ಕೆಲವೇ ಬಗೆಯ ಕೊಲೆಗಳಿಗೆ ಇಳಿಸಿತು. ಅದೇ ವರ್ಷ ಅರಿಜೋನಾ ತನ್ನ ಪಟ್ಟಿಯಿಂದ ಮೂರು ಅಂಶಗಳನ್ನು ತೆಗೆದುಹಾಕಿತು. ತೆಗೆದ ಮೂರರಲ್ಲಿ ವಿಶೇಷಣಗಳ ಬಾಬು ಸೇರಿರಲಿಲ್ಲ.